ಹರಕೆಗೆ ಬಿಟ್ಟ ಪುಸ್ತಕ

ಭಾಗ್ಯಶ್ರೀ ತೂಕದ ಯಂತ್ರದ ಮೇಲೆ ಮೂರನೆಯ ಸಲ ಹತ್ತಿ ನಿಂತಳು. ಮೊದಲ ಸಲ ಕಾಲಲ್ಲಿ ಬೂಟಿದ್ದವು, ತೆಗೆದಳು. ಎರಡನೆಯ ಸಲ ಕೈಯಲ್ಲಿ ಬಳೆಗಳಿದ್ದವು, ಅವನ್ನೂ ತೆಗೆದಳು. ಕೊರಳಲ್ಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಮಾತ್ರ ತೆಗೆಯುವ ಹಾಗಿರಲಿಲ್ಲ, ಅದರ ಭಾರ ಶಿವನಿಗೇ ಇರಲಿ ಎಂದು ಬಿಟ್ಟಳು. ಆದರೂ ಎಪ್ಪತ್ತೊಂಬತ್ತು. ಹನ್ನೊಂದು ದಿನದಿಂದ ಅದೇ ಎಪ್ಪತ್ತೊಂಬತ್ತು, ನಡುವೆ ಒಮ್ಮೆ ಎಂಬತ್ತಕ್ಕೂ ಹೋಗಿ ಬಂದಿತ್ತು.

“ಎಷ್ಟಾತ ಬೇ?” ಅಡುಗೆಮನೆಯಿಂದ ಅವ್ವ ದಾನವ್ವ ಕೂಗಿ ಕೇಳಿದಳು.

“ಇಳ್ಯಾಕತ್ತೈತಿ ಅವ್ವ.”

ಸುಳ್ಳು ಹೇಳಿ ಭಾಗ್ಯಶ್ರೀಗೆ ರೂಢಿಯಿರಲಿಲ್ಲ. ಈ ಐದು ವಾರದಲ್ಲಿ ನಾಲಿಗೆ ಚೆನ್ನಾಗಿ ಪಳಗಿತ್ತು.

ಇಳಿಯಬೇಕಾದದ್ದು ಎಪ್ಪತ್ಮೂರಕ್ಕೆ, ಉಳಿದದ್ದು ಮೂವತ್ತನಾಲ್ಕು ದಿನ. ಸೀರೆ ಉಟ್ಟರೆ ಚೆಂದ ಕಾಣಲಿ ಎಂದು ಹಿಡಿದ ಹಟವಾಗಿದ್ದರೆ ಅವಳೂ ಎಂದೋ ಕೈಬಿಡುತ್ತಿದ್ದಳು. ತಮ್ಮ ವಿಶಾಲನ ಲಿವರ್ ಕೆಟ್ಟುಹೋಗಿತ್ತು. ಹನಿ ಹೆಂಡ ಮುಟ್ಟದ ಗಣಿತದ ಮಾಸ್ತರ ಅವನು. ಎಂದೋ ಒಳಹೊಕ್ಕ ಕಾಮಾಲೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಕೂತು ತಿಂದಿತ್ತು. ಬೇರೆಯವರ ಲಿವರಿನದೊಂದು ಪಾಲು ತೆಗೆದು ಹಾಕಿದರೆ ಬದುಕುತ್ತಾನೆ, ಇಲ್ಲದಿದ್ದರೆ ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಎಂದು ಡಾಕ್ಟರು ಹೇಳಿದ್ದರು. ಅವ್ವನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ರೋಗ ಬೇರೆ. ವಿಶಾಲನ ಹೆಂಡತಿ ಮೈತ್ರೇಯಿಯ ರಕ್ತದ ಗುಂಪು ಹೊಂದಲಿಲ್ಲ. ಉಳಿದವಳು ಅಕ್ಕ ಒಬ್ಬಳೇ. ಅಕ್ಕನದು ಎಲ್ಲವೂ ಹೊಂದಿತು. ಆದರೆ ಅವಳ ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ನಿಮ್ಮ ಲಿವರಿನ ತುಂಬ ಕೊಬ್ಬೈತ್ರಿ. ಇದನ್ನ ಹಾಕಿದ್ರ ಅವರಿಗೂ ಉಪಯೋಗಿಲ್ಲ, ನಿಮ್ಮ ಜೀವಕ್ಕೂ ಅಪಾಯ. ಹತ್ತು ವಾರ ಟೈಮ್ ಕೊಡ್ತೇನಿ. ಒಂಬತ್ತು ಕಿಲೋ ಇಳಸ್ರಿ. ಆಮ್ಯಾಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡೂಣು.”

ಅವಳ ಮೈಮೇಲಿನ ಕೊಬ್ಬು ಹೇಗೆ ಬಂತು ಎಂಬುದು ಊರಿಗೇ ಗೊತ್ತಿದ್ದ ವಿಷಯ. ಕೇಶ್ವಾಪುರದಲ್ಲಿ ಅವಳದೊಂದು ಬಾಡಿಗೆ ಪುಸ್ತಕದ ಅಂಗಡಿ. ಎರಡೂವರೆ ಸಾವಿರ ಪುಸ್ತಕ, ಅಷ್ಟನ್ನೂ ಗಿರಾಕಿಗಳಿಗಿಂತ ಮೊದಲು ತಾನೇ ಓದಿದ್ದಳು. ಓದಲು ಕೂತರೆ ಎಡಗೈಯಲ್ಲಿ ಪುಸ್ತಕ, ಬಲಗೈ ತಾಟಿನಲ್ಲಿ. ಚುರುಮುರಿ, ಮಿರ್ಚಿ, ಹುರಿದ ಶೇಂಗಾ, ಹಬ್ಬ ಹತ್ತಿರವಿದ್ದರೆ ಕರ್ಚಿಕಾಯಿ. ಕೊಲೆಯ ಕಥೆಗೆ ಖಾರ, ಪ್ರೇಮದ ಕಥೆಗೆ ಸಿಹಿ. ಗಂಡಿನವರು ನೋಡಲು ಬಂದಾಗಲೂ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ಹೊರಬಂದಿದ್ದಳು. ಅವರು ಅವಲಕ್ಕಿ ತಿಂದು ಎದ್ದು ಹೋದರು, ಇವಳಿಗೆ ಅಧ್ಯಾಯ ಮುಗಿಸಲು ಬಿಡುವು ಸಿಕ್ಕಿತು. ಹಾಗೆ ಬಿಡುವು ಸಿಗುತ್ತಲೇ ನಲವತ್ತೆರಡು ವರ್ಷವಾಯಿತು.

ಓದಿದ್ದನ್ನು ಮರುದಿನ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಹೇಳುವುದು ವಾಡಿಕೆ. ದಾನವ್ವನಿಗೆ ಅಕ್ಷರ ಬಾರದು, ಆದರೆ ಅವಳ ಕಿವಿಯನ್ನು ತಪ್ಪಿಸಿ ಒಂದು ಮಾತೂ ಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕೇಳಿದ ಕಥೆಯಲ್ಲಿ ಸೊಸೆ ಯಾವ ಬಣ್ಣದ ಸೀರೆ ಉಟ್ಟು ಬಾವಿಗೆ ಹೋದಳು ಎಂಬುದನ್ನೂ ಅವಳು ಮರೆಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆಹಾರದ ಪಥ್ಯ ಹೇಳುವ ಆರತಿ ಎಂಬ ಹುಡುಗಿ ಒಂದು ನೋಟುಬುಕ್ಕು ಕೊಟ್ಟು, ಒಂದು ವಾರ ತಿಂದದ್ದನ್ನೆಲ್ಲ ಬರೆಯಿರಿ ಎಂದಿದ್ದಳು. ಬರೆದದ್ದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. “ಅಕ್ಕಾರ, ನಿಮ್ಮ ಊಟದಾಗ ಏನೂ ತಪ್ಪಿಲ್ರಿ. ಪುಸ್ತಕ ಹಿಡದಾಗ ತಿಂದದ್ದ ಎರಡು ಊಟದಷ್ಟೈತ್ರಿ.”

ಬುದ್ಧಿಯಿದ್ದವರಾದರೆ ತಾಟನ್ನು ದೂರವಿಟ್ಟು ಪುಸ್ತಕವನ್ನು ಉಳಿಸಿಕೊಳ್ಳುತ್ತಿದ್ದರು. ಆದರೆ ಈ ಮನೆಯವರು ಹರಕೆಯ ಜನ. ಗಂಡ ಹಾಸಿಗೆ ಹಿಡಿದಾಗ ದಾನವ್ವ ಹನ್ನೊಂದು ತಿಂಗಳು ಅನ್ನ ಬಿಟ್ಟಿದ್ದಳು. ಸೋದರತ್ತೆ ಒಬ್ಬಳು ಮಗನಿಗಾಗಿ ನಾಲ್ಕು ವರ್ಷ ಕಾಲಿಗೆ ಚಪ್ಪಲಿ ಹಾಕಲಿಲ್ಲ. ಬಿಡುವುದಾದರೆ ಜೀವಕ್ಕೆ ಜೀವವಾದದ್ದನ್ನೇ ಬಿಡಬೇಕು, ಬೇಡಾದದ್ದನ್ನು ಬಿಟ್ಟರೆ ಅದಕ್ಕೆ ಹರಕೆ ಎನ್ನುತ್ತಾರೆಯೇ ಎಂಬುದು ದಾನವ್ವನ ಮಾತು. ತಾಯಿ ಮಗಳು ಇಬ್ಬರೂ ಬಸ್ಸು ಹತ್ತಿ ಹೆಬ್ಬಳ್ಳಿಗೆ ಹೋದರು. ದಾನವ್ವನ ತವರಿನ ಮಠದ ಗದ್ದುಗೆ ಮುಟ್ಟಿ ಭಾಗ್ಯಶ್ರೀ ಬೇಡಿಕೊಂಡಳು: ತಮ್ಮ ಗುಣವಾಗಿ ತನ್ನ ಮನೆಯ ಹೊಸ್ತಿಲು ದಾಟುವ ತನಕ ಪುಸ್ತಕ ಬಿಚ್ಚಿ ಓದುವುದಿಲ್ಲ. ಓದುವಾಗ ಕಣ್ಣಿಗೆ ಹಾಕುವ ಚಾಳೀಸನ್ನು ಅವ್ವ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೇವರಿಗೂ ಸಂದಿತು, ಡಾಕ್ಟರಿಗೂ ಸಂದಿತು ಎಂದುಕೊಂಡಳು ಭಾಗ್ಯಶ್ರೀ.

ಮರುದಿನದಿಂದ ಓಟ. ಕೇಶ್ವಾಪುರದಿಂದ ದೇಸಾಯಿ ಕ್ರಾಸ್ ದಾಟಿ, ಹೊಸೂರು ಹಾದು, ವಿದ್ಯಾನಗರದ ತಮ್ಮನ ಮನೆಯವರೆಗೆ ನಾಲ್ಕು ಕಿಲೋಮೀಟರ್. ಮೊದಲ ವಾರ ಓಟ ಎನ್ನುವ ಹಾಗಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಕಂಬ ಹಿಡಿದು ನಿಲ್ಲುತ್ತಿದ್ದಳು, ಬೀದಿ ನಾಯಿಗಳು ಕೂಡ ಬೆನ್ನು ಹತ್ತದೆ ಕೂತು ನೋಡುತ್ತಿದ್ದವು. ಮೂರನೆಯ ವಾರಕ್ಕೆ ನಿಲ್ಲದೆ ಓಡಿದಳು. ಮೂರು ಕಿಲೋ ಇಳಿಯಿತು. ಅಲ್ಲಿಗೆ ಮುಳ್ಳು ನಿಂತಿತು.

ಯಾಕೆ ನಿಂತಿತು ಎಂಬುದು ಅವಳೊಬ್ಬಳಿಗೇ ಗೊತ್ತು. ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯಲ್ಲಿ ಗಿರಾಕಿಗಳಿರುವುದಿಲ್ಲ. ಸುತ್ತ ಎರಡೂವರೆ ಸಾವಿರ ಪುಸ್ತಕ, ಒಂದನ್ನೂ ಬಿಚ್ಚುವಂತಿಲ್ಲ. ಹಬ್ಬದ ಮನೆಯಲ್ಲಿ ಹಸಿದು ಕೂತ ಹಾಗೆ ಜೀವ ಚಡಪಡಿಸುತ್ತಿತ್ತು. ಎದುರಿಗೆ ಚುರುಮುರಿ ಕಲಸಿ ಕೊಡುವ ಹುಲಗಪ್ಪನ ಗಿರ್ಮಿಟ್ ಗಾಡಿ. “ಅಕ್ಕಾರ, ಒಂದು ಪ್ಲೇಟ್ ಮಾಡ್ಲ್ಯಾ?” ಎಂದರೆ “ಅರ್ಧಾ ಮಾಡಪಾ” ಎನ್ನುತ್ತಿದ್ದಳು. ಅರ್ಧ ಹೋಗಿ ಪೂರ್ತಿಯಾಯಿತು, ಜೊತೆಗೆ ಎರಡು ಮಿರ್ಚಿ ಬಂದವು. ಪುಸ್ತಕವಿದ್ದಾಗ ಪುಟ ತಿರುವಲಿಕ್ಕಾದರೂ ಕೈ ತಾಟು ಬಿಡುತ್ತಿತ್ತು, ಈಗ ಕೈಗೆ ಬೇರೆ ಕೆಲಸವೇ ಇಲ್ಲ. ಗಿರ್ಮಿಟ್ಟನ್ನು ಅವಳು ಆರತಿಯ ನೋಟುಬುಕ್ಕಿನಲ್ಲಿ ಬರೆಯಲಿಲ್ಲ. ತಮ್ಮನ ಜೀವವನ್ನು ತಾನೇ ತಿನ್ನುತ್ತಿದ್ದೇನೆ ಎಂದು ಗೊತ್ತಿದ್ದೂ ತಿಂದಳು, ತಿಂದು ಕೈ ತೊಳೆದು, ಅಂಗಡಿಯ ಹಿಂದಿನ ಮೂಲೆಯಲ್ಲಿ ನಿಂತು ಅತ್ತಳು.

ಆ ದಿನ ಬೆಳಿಗ್ಗೆ, ಎಪ್ಪತ್ತೊಂಬತ್ತನ್ನು ತಲೆಯಲ್ಲಿ ಹೊತ್ತುಕೊಂಡೇ ಓಡಿ ಬಂದು ತಮ್ಮನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಮೈತ್ರೇಯಿ ದನಿ ತಗ್ಗಿಸಿ ಹೇಳಿದಳು, “ಮತ್ತ ಅದನ್ನ ಹಿಡಕೊಂಡು ಕುಂತಾರ್ರಿ ಅಕ್ಕಾರ.”

ಅದು ಎಂದರೆ ಒಂದು ದಪ್ಪ ಪುಸ್ತಕ. ಹಿಂದಿನ ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕಡಲ ಕಡೆಯಿಂದ ಘಟ್ಟ ಹತ್ತಿ ಬರುವ ವ್ಯಾಪಾರಿಗಳ ಕಥೆ. ಅಕ್ಕ ತಮ್ಮ ಸಣ್ಣವರಿದ್ದಾಗ ಅಪ್ಪ ಯಾರಿಂದಲೋ ಎಂಟು ದಿನಕ್ಕೆ ಕೇಳಿ ತಂದಿದ್ದ. ಅಕ್ಕ ಗಟ್ಟಿಯಾಗಿ ಓದುವುದು, ತಮ್ಮ ಕೇಳುವುದು. ಅರ್ಧಕ್ಕೆ ಬರುವಷ್ಟರಲ್ಲಿ ಎಂಟು ದಿನ ಮುಗಿದು ಪುಸ್ತಕ ವಾಪಸು ಹೋಯಿತು. ಹೋದ ವರ್ಷ ಧಾರವಾಡದ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಅದೇ ಪುಸ್ತಕ ವಿಶಾಲನ ಕಣ್ಣಿಗೆ ಬಿದ್ದಿತ್ತು. ಇಬ್ಬರೂ ಕೂಡಿ ಓದಬೇಕೆಂದು ತೆಗೆದಿಟ್ಟಿದ್ದ.

ಈಗ ಅವನು ದಿಂಬಿಗೆ ಒರಗಿ ಕೂತಿದ್ದ. ಕಣ್ಣು ಅರಿಶಿನ, ಹೊಟ್ಟೆ ಊದಿ, ಕೈಕಾಲು ಸಣಕಲು. ರೋಗ ತಲೆಗೂ ಏರುತ್ತಿತ್ತು, ಆಗಾಗ ಮಾತಿನ ಎಳೆ ತಪ್ಪುತ್ತಿತ್ತು.

“ಅಕ್ಕಾ, ಅಕ್ಷರ ಕುಣ್ಯಾಕತ್ತಾವ. ನೀ ಓದು.”

“ಚಾಳೀಸು ಮರತು ಬಂದೇನೋ.”

“ನಿನ್ನೀನೂ ಮರತಿದ್ದಿ. ಮೊನ್ನಿ ಗಂಟಲ ಕೆಟ್ಟಿತ್ತು.” ವಿಶಾಲ ಹೆಂಡತಿಗೆ ಚುರುಮುರಿ ಸುಸಲಾ ಮಾಡಿ ತಾ ಎಂದು ಒಳಗೆ ಕಳಿಸಿದ. ಅವಳು ಹೋದ ಮೇಲೆ ಕೇಳಿದ, “ತೂಕ ಎಷ್ಟೈತಿ?”

“ಎಪ್ಪತ್ತೊಂಬತ್ತು.” ಅವನೆದುರು ಸುಳ್ಳು ಬರಲಿಲ್ಲ.

“ಹನ್ನೊಂದು ದಿನದಿಂದ ಅಷ್ಟ ಐತಿ. ಎಲ್ಲಾ ಮರತರೂ ಲೆಕ್ಕ ಇನ್ನೂ ಮರತಿಲ್ಲ ನಾ. ದಿನಾ ನಾಕು ಕಿಲೋಮೀಟರ್ ಓಡಾಕಿ ತೂಕ ಇಳ್ಯಂಗಿಲ್ಲಂದ್ರ…” ಅವನು ಕಿಟಕಿಯ ಕಡೆ ನೋಡಿದ. “ಅಕ್ಕಾ, ಮನಸ್ಸಿಲ್ಲಂದ್ರ ಇಲ್ಲನ್ನು. ಹೊಟ್ಟಿ ಕೊಯ್ಸಿಕೊಳ್ಳೋದಂದ್ರ ಹುಡುಗಾಟಲ್ಲ. ಡಾಕ್ಟರ ಬ್ಯಾಡಂತ ಅನ್ಲಿ ಅಂತ ನೀ ಕಾಯೋದು ಬ್ಯಾಡ. ನನ್ನ ಮುಂದ ಕುಂತು ಎರಡು ಸಾಲು ಓದಾಕೂ ಆಗವಲ್ದು ನಿನಗ. ನನಗ ತಿಳೀತೈತಿ. ನಾ ಏನೂ ಅನ್ನಂಗಿಲ್ಲ.”

ಭಾಗ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ರೋಗಿಯಲ್ಲದಿದ್ದರೆ ಕಪಾಳಕ್ಕೊಂದು ಬಿಡುತ್ತಿದ್ದಳು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಓದದಿರುವುದಕ್ಕೆ ಕಾರಣ ಅವನಿಗೆ ಗೊತ್ತಿಲ್ಲ. ಗಿರ್ಮಿಟ್ಟಿನ ವಿಷಯ ಮೊದಲೇ ಗೊತ್ತಿಲ್ಲ. ನಿನ್ನ ಜೀವವನ್ನೇ ಒತ್ತೆಯಿಟ್ಟು ಪುಸ್ತಕ ಬಿಟ್ಟಿದ್ದೇನೆ ಎಂದು ಈ ಸ್ಥಿತಿಯಲ್ಲಿರುವವನಿಗೆ ಹೇಗೆ ಹೇಳುವುದು? ಹೇಳದಿದ್ದರೆ ಅಕ್ಕ ನನ್ನನ್ನು ಕೈಬಿಟ್ಟಳು ಎಂದುಕೊಂಡೇ ಅವನು ಮಲಗುತ್ತಾನೆ. ಇನ್ನೂ ಮೂವತ್ತನಾಲ್ಕು ದಿನ ಹಾಗೆಯೇ ಮಲಗುತ್ತಾನೆ.

ಅವಳು ಪುಸ್ತಕ ಕಿತ್ತುಕೊಂಡಳು. ಚಾಳೀಸಿಲ್ಲದ ಕಣ್ಣಿಗೆ ಅಕ್ಷರ ಕಾಣಲೆಂದು ಎರಡೂ ಕೈಯಿಂದ ಪುಸ್ತಕವನ್ನು ದೂರ ಹಿಡಿದು, ಮೊದಲ ಪುಟದ ಮೊದಲ ಸಾಲು ಓದಿಬಿಟ್ಟಳು. ಹರಕೆ ಅಲ್ಲಿಗೆ ಮುರಿಯಿತು. ಭಯ ಹೊಕ್ಕಿತು. ಆ ಭಯದ ಜೊತೆಗೇ, ಐದು ವಾರದಿಂದ ಕಾಣದ ಸುಖವೂ ಒಳಗೆ ಇಳಿಯಿತು, ಅದಕ್ಕೆ ಅವಳಿಗೆ ನಾಚಿಕೆಯಾಯಿತು. ವಿಶಾಲ ಕಣ್ಣು ಮುಚ್ಚಿ ಕೇಳುತ್ತಿದ್ದ. ಎರಡನೆಯ ಪುಟದಲ್ಲಿ, “ಹಾಂ, ಬಿಳೇ ಎತ್ತು, ಬಿಳೇ ಎತ್ತು” ಎಂದು ಹುಡುಗನ ಹಾಗೆ ನಕ್ಕ.

ಒಂದು ತಾಸು ಓದಿ ಪುಸ್ತಕ ಕೆಳಗಿಟ್ಟಾಗ ಮೈತ್ರೇಯಿ ತಂದಿಟ್ಟಿದ್ದ ಸುಸಲಾ ಪಕ್ಕದಲ್ಲಿ ಹಾಗೇ ಆರಿ ಕೂತಿತ್ತು. ಭಾಗ್ಯಶ್ರೀ ಅದನ್ನು ಬಹಳ ಹೊತ್ತು ನೋಡಿದಳು. ಓದುವಾಗ ಪಕ್ಕದಲ್ಲಿ ತಾಟಿದ್ದೂ ಅವಳು ಮುಟ್ಟದೇ ಇದ್ದದ್ದು ಇದೇ ಮೊದಲು. ಎರಡೂ ಕೈ ಪುಸ್ತಕ ಹಿಡಿದಿದ್ದವು, ಬಾಯಿ ಓದುತ್ತಿತ್ತು, ತಿನ್ನಲು ಬೇರೆ ಬಾಯಿ ಎಲ್ಲಿಂದ ತರಬೇಕು?

ಅಂದಿನಿಂದ ಬೆಳಿಗ್ಗೆ ಓಡಿ ಹೋಗಿ ಒಂದು ತಾಸು ಓದಿದಳು, ಸಂಜೆ ಅಂಗಡಿ ಮುಚ್ಚಿ ಮತ್ತೆ ಓಡಿ ಹೋಗಿ ಒಂದು ತಾಸು ಓದಿದಳು. ದಿನಕ್ಕೆ ಎಂಟು ಕಿಲೋಮೀಟರ್. ಘಟ್ಟದ ನಡುವೆ ಬಿಳಿಯ ಎತ್ತು ಕಳೆದು ಹೋಗಿತ್ತು, ಮುಂದೇನಾಯಿತು ಎಂಬ ಆಸೆಗೆ ಕಾಲು ತಾನಾಗಿ ಎದ್ದು ಹೋಗುತ್ತಿತ್ತು. ತಾನೊಬ್ಬಳೇ ಕದ್ದು ಮುಂದಿನ ಪುಟ ನೋಡಬಾರದು ಎಂದು ತಮ್ಮನಿಗೆ ಮಾತು ಕೊಟ್ಟಿದ್ದಳು. ಮಧ್ಯಾಹ್ನ ಹುಲಗಪ್ಪ ಕೂಗಿದರೆ “ಇವತ್ತ ಬ್ಯಾಡಪಾ” ಎನ್ನುತ್ತಿದ್ದಳು. ಎರಡು ಸಲ ಸೋತಳು, ಉಳಿದ ದಿನ ಗೆದ್ದಳು. ಎಪ್ಪತ್ತೆಂಟಾಯಿತು. ಎಪ್ಪತ್ತೇಳಾಯಿತು.

ಅವ್ವನಿಗೆ ಮಾತ್ರ ಹೇಳಲಿಲ್ಲ. ಮುಳ್ಳು ಇಳಿದ ಹಾಗೆಲ್ಲ ಒಳಗಿನ ಹೆದರಿಕೆ ಏರಿತು. ಒಂದು ದಿನ ತಮ್ಮ ಊಟ ಬಿಟ್ಟರೆ, ಇದು ನನ್ನಿಂದಲೇ ಎನ್ನಿಸುವುದು. ಎಂಟನೆಯ ದಿನ ವಿಶಾಲ ಹೆಂಡತಿಯ ಮುಖ ನೋಡಿ “ನೀವ್ಯಾರ್ರಿ?” ಎಂದು ಕೇಳಿದ. ಆಸ್ಪತ್ರೆಗೆ ಒಯ್ದರು. ರಕ್ತದಲ್ಲಿ ನಂಜು ಹೆಚ್ಚಾದಾಗ ಹೀಗಾಗುವುದುಂಟು, ಮುಂದೆಯೂ ಆಗಬಹುದು, ಬೇಗ ಆಪರೇಶನ್ ಆಗದಿದ್ದರೆ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದರು. ಭಾಗ್ಯಶ್ರೀಯ ಬುದ್ಧಿ ಅದನ್ನೆಲ್ಲ ಒಪ್ಪಿಕೊಂಡಿತು, ಎದೆ ಒಪ್ಪಲಿಲ್ಲ. ಮೂರು ದಿನದ ಮೇಲೆ ಅವನು ಮನೆಗೆ ಬಂದ. ಬಂದವನೇ ಕೇಳಿದ್ದು ಎತ್ತಿನ ಸುದ್ದಿ. ಅವಳು ಓದಿದಳು.

ಅಂದು ದಾನವ್ವ ಮಗನಿಗೆ ಗಂಜಿ ಕಾಸಿಕೊಂಡು ಆಟೋದಲ್ಲಿ ಬಂದಳು. ಮುಂಬಾಗಿಲು ತೆರೆದೇ ಇತ್ತು. ಒಳಗಿನಿಂದ ಮಗಳ ದನಿ ಕೇಳಿ ಅವಳು ಹೊಸ್ತಿಲ ಹೊರಗೇ ನಿಂತಳು. ಎಷ್ಟು ಹೊತ್ತು ನಿಂತಳು ಎಂಬುದನ್ನು ಯಾರೂ ನೋಡಲಿಲ್ಲ. ಅಧ್ಯಾಯ ಮುಗಿದು, ವಿಶಾಲನಿಗೆ ಜೊಂಪು ಹತ್ತಿ, ಭಾಗ್ಯಶ್ರೀ ತಲೆ ಎತ್ತಿದಾಗ ಬಾಗಿಲಲ್ಲಿ ಅವ್ವ ಗಂಜಿಯ ಡಬ್ಬಿ ಹಿಡಿದು ನಿಂತಿದ್ದಳು.

“ಗದ್ದಗಿ ಮುಟ್ಟಿದ ಕೈ ಅದು.”

“ಅವ್ವ, ಅವ ಕೇಳಿದ…”

“ಕೇಳ್ತಾನ. ಜಡ್ಡಾದವರು ವಿಷಾನೂ ಕೇಳ್ತಾರ, ಕೊಡ್ತಾರೇನು?” ದಾನವ್ವ ದನಿ ಏರಿಸಲಿಲ್ಲ, ಮಗ ಮಲಗಿದ್ದ. “ಹೇಣ್ತಿ ಮಾರಿ ಮರತು ಕುಂತಿದ್ದ ನನ್ನ ಮಗ. ಯಾಕಂತ ತಿಳೀದ ಮೂರು ದಿನ ಶಿವಾ ಶಿವಾ ಅಂತ ಅತ್ತೆ. ಈಗ ತಿಳೀತು.”

ಗಂಜಿಯನ್ನು ಮೈತ್ರೇಯಿಯ ಕೈಗೆ ಕೊಟ್ಟು, ಹೊರಳಿ ನೋಡದೆ ಹೋದಳು. ಭಾಗ್ಯಶ್ರೀ ಕೂತಲ್ಲಿಂದ ಏಳಲಿಲ್ಲ. ಹೆತ್ತ ತಾಯಿ ಆ ಮಾತು ಆಡಿದ್ದಳು. ಆಡಬಾರದಿತ್ತು ಎಂದು ಹೇಳುವ ಬಾಯಿ ಮಗಳಿಗಿರಲಿಲ್ಲ, ಹನ್ನೊಂದು ದಿನದಿಂದ ಅವಳೂ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದಳು.

ಅಂದು ಸಂಜೆ ಅವಳು ಓಡಲಿಲ್ಲ. ಹುಲಗಪ್ಪನ ಗಾಡಿಯ ಮುಂದೆ ನಿಂತು ಕೇಳದೆಯೇ ಪೂರ್ತಿ ಪ್ಲೇಟು ಹಾಕಿಸಿಕೊಂಡಳು. ಎರಡು ತುತ್ತು ತಿಂದಳು. ರುಚಿ ಹತ್ತಲಿಲ್ಲ. “ಯಾಕ್ರಿ ಅಕ್ಕಾರ, ಉಪ್ಪು ಹೆಚ್ಚಾತೇನ್ರಿ?” ಎಂದ ಹುಲಗಪ್ಪ. ಅವಳು ಪ್ಲೇಟು ಇಟ್ಟು ಮನೆಗೆ ಹೋದಳು. ದಾನವ್ವ ಆಗಲೇ ಮುಸುಕೆಳೆದು ಮಲಗಿದ್ದಳು. ಸ್ಕ್ಯಾನಿಗೆ ಇಪ್ಪತ್ಮೂರು ದಿನ ಉಳಿದಿತ್ತು.

ಬೆಳಿಗ್ಗೆ ಎದ್ದಾಗ ದಾನವ್ವ ಮನೆಯಲ್ಲಿರಲಿಲ್ಲ.

ಹಾಸಿಗೆ ಮಡಿಸಿತ್ತು. ಫೋನು ಗೂಡಿನಲ್ಲೇ ಇತ್ತು. ಟ್ರಂಕಿನ ಬೀಗ ತೆಗೆದಿತ್ತು. ಭಾಗ್ಯಶ್ರೀ ಗಾಬರಿಯಾಗಿ ಬೀದಿಯ ತುದಿಯವರೆಗೆ ಹೋಗಿ ಬಂದಳು, ಮೈತ್ರೇಯಿಗೆ ಫೋನ್ ಮಾಡಿದಳು, ಅಲ್ಲಿಗೂ ಬಂದಿಲ್ಲ. ಸಕ್ಕರೆ ರೋಗದ ಮುದುಕಿ, ಮಾತ್ರೆ ಡಬ್ಬಿಯೂ ಇಲ್ಲೇ ಇದೆ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಹುಡುಕಲು ಓಡಬೇಕೆಂದು ಬಾಗಿದಾಗ ಬಲಗಾಲಿನ ಬೂಟಿನೊಳಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ಅವಳ ಚಾಳೀಸು.

ಬೂಟು ಕೈಯಲ್ಲೇ ಹಿಡಿದು ಅವಳು ಬಾಗಿಲಲ್ಲಿ ಕೂತಳು. ಏಳಾಯಿತು, ಎಂಟಾಯಿತು. ಸಿಟ್ಟಿನಿಂದ ಇಟ್ಟಳೋ, ಇನ್ನು ನಿನ್ನ ಸಂಬಂಧ ಸಾಕೆಂದು ಇ‍ಟ್ಟಳೋ? ಒಂಬತ್ತೂವರೆಗೆ ದಾನವ್ವ ಬೀದಿಯ ತಿರುವಿನಲ್ಲಿ ಕಾಣಿಸಿದಳು, ಹಣೆಯ ತುಂಬ ವಿಭೂತಿ, ಕಾಲ ತುಂಬ ಧೂಳು.

“ಎಲ್ಲಿಗೆ ಹೋಗಿದ್ದಿ ಬೇ ಅವ್ವ?”

“ಹೆಬ್ಬಳ್ಳಿಗೆ. ಮೊದಲನೇ ಬಸ್ಸಿಗೆ. ನೀರು ಕೊಡು.” ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಅವಳು ಹೇಳಿದಳು, “ನಿನ್ನ ಹರಕಿ ನಾ ಹೊತ್ತುಕೊಂಡು ಬಂದೇನಿ.”

“ಒಬ್ಬರ ಹರಕಿ ಇನ್ನೊಬ್ಬರು ಹೊರಾಕ ಬರತೈತೇನು?”

“ಹಡದಾಕಿಗೆ ಬರತೈತಿ.” ದಾನವ್ವ ಮಗಳ ಕೈಯಿಂದ ಬೂಟು ತೆಗೆದು ಕೆಳಗಿಟ್ಟಳು. “ನೀ ಓದಿಕೋ. ನಾ ಕೇಳೋದು ಬಿಟ್ಟೇನಿ. ನೀವಿಬ್ಬರೂ ಆಪರೇಶನ್ ಮಾಡಿಸಿಕೊಂಡು ಈ ಮನಿ ಹೊಸ್ತಿಲಾ ದಾಟೋತನಕ ಒಂದು ಸಾಲು ಕಥಿ ನನ್ನ ಕಿವಿಗೆ ಬೀಳಬಾರದು. ಹಂಗಂತ ಗದ್ದಗಿ ಮುಟ್ಟಿ ಹೇಳಿ ಬಂದೇನಿ.”

ತಾನು ಪುಸ್ತಕ ಬಿಟ್ಟ ದಿನದಿಂದ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಈ ಮನೆಯಲ್ಲಿ ಸದ್ದೇ ಇರಲಿಲ್ಲ ಎಂಬುದು ಭಾಗ್ಯಶ್ರೀಗೆ ಈಗ ಹೊಳೆಯಿತು. ತನ್ನ ಹಸಿವೆಯೊಂದೇ ದೊಡ್ಡದೆಂದು ತಿಳಿದಿದ್ದಳು. ಅವ್ವನೂ ಇಷ್ಟು ದಿನ ಉಪವಾಸವಿದ್ದಳು, ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ.

“ನಿನ್ನಿ ಬಾಗಲದಾಗ ಅರ್ಧಾ ತಾಸು ನಿಂತಿದ್ದೆ ನಾ,” ಎಂದಳು ದಾನವ್ವ, ಎಲ್ಲೋ ನೋಡುತ್ತ. “ಓದೋದು ಕೇಳಿದ ಕೂಡಲೆ ಒಳಗ ಬಂದು ಬಿಡಸಬೇಕಿತ್ತು. ಬಿಡಸಲಿಲ್ಲ. ಕೇಳಿಕೋತ ನಿಂತೆ. ಆ ಬಿಳೇ ಎತ್ತು ಸಿಕ್ತೇನು ಅಂತ ಕೇಳಬೇಕಂತ ಬಾಯಿತನಕ ಬಂದಿತ್ತು. ಅದನ್ನ ನುಂಗಾಕ ಆಗಲಿಲ್ಲ, ನಿನಗ ಹಂಗ ಬೈದೆ.” ಮತ್ತೆ ಸೇರಿಸಿದಳು, “ಆಡಬಾರದ ಮಾತ ಆಡೇನಿ. ತಪ್ಪಾತು.”

ತಾಯಿ ಮಗಳಿಗೆ ತಪ್ಪಾಯಿತು ಎನ್ನುವುದನ್ನು ಆ ಮನೆಯ ಗೋಡೆಗಳು ಎಂದೂ ಕೇಳಿರಲಿಲ್ಲ. ಭಾಗ್ಯಶ್ರೀ ಅವ್ವನ ಮಡಿಲಲ್ಲಿ ಮುಖವಿಟ್ಟು ಗಳಗಳ ಅತ್ತಳು. ದಾನವ್ವ ಅವಳ ಬೆನ್ನ ಮೇಲೊಂದು ಗುದ್ದು ಗುದ್ದಿ, “ಹೊತ್ತಾತು, ಓಡು” ಎಂದಳು.

ಅಲ್ಲಿಂದ ಮುಂದೆ ದಾನವ್ವ ತನ್ನ ಹರಕೆಯನ್ನು ಪಾಲಿಸಿದ ರೀತಿ ಕಂಡು ವಿದ್ಯಾನಗರದ ಆ ಬೀದಿಯವರು ಬೆರಗಾದರು. ಮಗನ ಮನೆಗೆ ಬಂದಾಗ ಓದು ಶುರುವಾದರೆ ಎದ್ದು ಹೊರಗೆ ಹೋಗಿ, ನಾಲ್ಕು ಮನೆ ದಾಟಿ ಯಾರದೋ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂಡುವಳು. ಗಾಳಿಗೆ ದನಿ ಅಲ್ಲಿಗೂ ಬಂದರೆ “ಕಿಟಕಿ ಹಾಕೇ ಮೈತ್ರೇಯಿ!” ಎಂದು ಕೂಗುವಳು. ವಿಶಾಲನಿಗೆ ವಿಷಯವೆಲ್ಲ ತಿಳಿಯಿತು. ಹರಕೆ ಹೂವೀಳ್ಯವನ್ನು ನಂಬದ ಗಣಿತದ ಮಾಸ್ತರ ನಗಬೇಕಿತ್ತು, ಗೋಡೆಗೆ ಮುಖ ತಿರುಗಿಸಿ ಮಲಗಿದ. ಸ್ವಲ್ಪ ಹೊತ್ತಿನ ಮೇಲೆ “ಓದಕ್ಕಾ, ಅವ್ವ ಬಿಸಲಾಗ ಕುಂತಾಳ” ಎಂದ.

ಎಪ್ಪತ್ತಾರಾಯಿತು. ಎಪ್ಪತ್ತೈದಾಯಿತು. ಕೊನೆಯ ವಾರ ಮತ್ತೆ ಮುಳ್ಳು ಅಂಟಿಕೊಂಡಿತು. ವಿಶಾಲ ಒಮ್ಮೆ ರಕ್ತ ವಾಂತಿ ಮಾಡಿದ, ಮತ್ತೆ ಆಸ್ಪತ್ರೆಗೆ ಸೇರಿದ. ಇನ್ನು ಹೊರಗೆ ಕಳಿಸುವ ಹಾಗಿಲ್ಲ, ಸ್ಕ್ಯಾನ್ ಸರಿ ಬಂದರೆ ಇಲ್ಲಿಂದಲೇ ಬೆಂಗಳೂರಿಗೆ ಒಯ್ದು ಆಪರೇಶನ್ ಮಾಡೋಣ ಎಂದರು ಡಾಕ್ಟರು. ಸರಿ ಬರದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಭಾಗ್ಯಶ್ರೀ ಈಗ ಆಸ್ಪತ್ರೆಗೇ ಓಡಿ ಹೋಗಿ ಹಾಸಿಗೆಯ ಪಕ್ಕ ನಿಂತು ಓದಿದಳು. ಪುಸ್ತಕದಲ್ಲಿ ಮೂವತ್ತು ಪುಟ ಉಳಿದಾಗ ವಿಶಾಲ ಕೈ ಅಡ್ಡ ಹಿಡಿದ. “ಸಾಕು. ಇಷ್ಟು ಇರಲಿ.” ಅವಳು ಆ ಪುಟಕ್ಕೆ ಗುರುತಿಟ್ಟು ಪುಸ್ತಕವನ್ನು ಅವನ ದಿಂಬಿನ ಪಕ್ಕ ಇಟ್ಟಳು.

ಸ್ಕ್ಯಾನಿನ ದಿನ ಆಸ್ಪತ್ರೆಯ ಯಂತ್ರ ಎಪ್ಪತ್ನಾಲ್ಕು ತೋರಿಸಿತು. ಒಂದು ಕಿಲೋ ಹೆಚ್ಚು. ನೋಟುಬುಕ್ಕನ್ನು ಆರತಿಯ ಕೈಗಿಡುವ ಮೊದಲು ಭಾಗ್ಯಶ್ರೀ ಹೇಳಿದಳು, “ಮುಚ್ಚಿಟ್ಟಿದ್ನೆಲ್ಲಾ ಕೆಂಪು ಪೆನ್ನಿಲೆ ಬರದೇನವಾ. ಹದಿನಾರು ಪ್ಲೇಟು ಗಿರ್ಮಿಟ್. ಅದು ತಿನ್ನದ ಇದ್ದಿದ್ರ ಇವತ್ತ ಎಪ್ಪತ್ಮೂರು ಇರತಿದ್ದೆ.” ಆರತಿ ಓದಿದಳು, ಈ ಸಲ ನಗಲಿಲ್ಲ.

ಸ್ಕ್ಯಾನ್ ಮುಗಿದು ಡಾಕ್ಟರ ಕೋಣೆಯಲ್ಲಿ ಕೂತಾಗ ಗೋಡೆ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ಡಾಕ್ಟರು ಪರದೆ ನೋಡಿದರು. ಹಳೆಯ ಚಿತ್ರ ತೆಗೆಸಿ ಪಕ್ಕದಲ್ಲಿಟ್ಟು ನೋಡಿದರು. ಮತ್ತೆ ಕನ್ನಡಕ ತೆಗೆದರು. ಕನ್ನಡಕ ತೆಗೆದದ್ದು ಕಂಡು ಭಾಗ್ಯಶ್ರೀ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು.

“ತೂಕ ಒಂದು ಕಿಲೋ ಹೆಚ್ಚೈತ್ರಿ…” ಅವಳೇ ಶುರುಮಾಡಿದಳು.

“ನನಗ ಕಿಲೋ ಬ್ಯಾಡ್ರಿ ಭಾಗ್ಯಶ್ರೀ ಅವರ. ಕೊಬ್ಬು ಎಷ್ಟೈತಿ ಅಂತ ನೋಡ್ತೇನಿ ನಾ.” ಕನ್ನಡಕದ ಗಾಜು ಒರೆಸಿ ಮತ್ತೆ ಹಾಕಿಕೊಂಡರು. “ನೂರಕ್ಕ ಇಪ್ಪತ್ತೆರಡು ಇದ್ದದ್ದು ಆರಕ್ಕ ಬಂದೈತಿ. ಸಾಕು. ಬೆಂಗಳೂರಿಗೆ ಹೊಂಡ್ರಿ.”

ಹೊರಗಿನ ಬೆಂಚಿನ ಮೇಲೆ ಕೂತಿದ್ದ ದಾನವ್ವ ಮಗಳ ಮುಖ ನೋಡಿದಳು, ಎದ್ದು ಗೋಡೆಗೆ ಕೈಮುಗಿದಳು.

ಬೆಂಗಳೂರಿನ ಸುದ್ದಿ ಉದ್ದ ಮಾಡುವುದಿಲ್ಲ. ಅಕ್ಕ ಒಂದು ಕೋಣೆಯಲ್ಲಿ, ತಮ್ಮ ಪಕ್ಕದ ಕೋಣೆಯಲ್ಲಿ, ಹದಿನಾಲ್ಕು ತಾಸು. ಭಾಗ್ಯಶ್ರೀ ಹತ್ತು ದಿನಕ್ಕೆ ಹೊರಬಂದಳು. ವಿಶಾಲನಿಗೆ ನಡುವೆ ಒಮ್ಮೆ ಜ್ವರ ಏರಿ ಮೂರು ದಿನ ಯಾರಿಗೂ ಊಟ ಸೇರಲಿಲ್ಲ, ಆಮೇಲೆ ಇಳಿಯಿತು. ಊರಿಗೆ ಹೊರಡುವಷ್ಟರಲ್ಲಿ ಎರಡು ತಿಂಗಳು ಹತ್ತಿರವಾಗಿತ್ತು. ಅಷ್ಟೂ ದಿನ ದಾನವ್ವ ಒಂದು ಕಥೆ ಕೇಳಲಿಲ್ಲ. ಆಸ್ಪತ್ರೆಯ ಟೀವಿಯಲ್ಲಿ ಧಾರಾವಾಹಿ ಹಚ್ಚಿದರೂ ಎದ್ದು ಹೊರಗೆ ಹೋದಳು.

ಹುಬ್ಬಳ್ಳಿ ಸ್ಟೇಶನ್ನಿನಿಂದ ಎಲ್ಲರೂ ನೇರ ಕೇಶ್ವಾಪುರದ ಮನೆಗೇ ಬಂದರು. ಹರಕೆಯಲ್ಲಿ ಹೇಳಿದ ಹೊಸ್ತಿಲು ಅದೇ. ಮೈತ್ರೇಯಿ ದೃಷ್ಟಿ ತೆಗೆದಳು. ವಿಶಾಲ ಅಕ್ಕನ ಭುಜ ಹಿಡಿದು, ಅಕ್ಕ ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಇಬ್ಬರೂ ಬಲಗಾಲಿಟ್ಟು ಒಳಗೆ ಬಂದರು.

ಅವರು ಕೂಡುವ ಮೊದಲೇ ದಾನವ್ವ ಕೂತಾಗಿತ್ತು. ಗೋಡೆಗೆ ಒರಗಿ, ಕಾಲು ಚಾಚಿ, ತಲೆಯ ಮೇಲಿನ ಸೆರಗನ್ನು ಎರಡೂ ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

“ಹೂಂ. ಓದು.”

“ಚಹಾ ಆದ್ರೂ ಕುಡೀಲಿ ಅತ್ತೀ,” ಎಂದಳು ಮೈತ್ರೇಯಿ.

“ಆಮ್ಯಾಲೆ ಕುಡೀತಾರ. ಓದ ಭಾಗ್ಯಾ.”

ವಿಶಾಲ ಚೀಲದಿಂದ ಪುಸ್ತಕ ತೆಗೆದ. “ಮೂವತ್ತ ಪುಟ ಉಳದಾವ ಅವ್ವ. ಒಂದ ತಾಸಿನಾಗ ಮುಗೀತೈತಿ.”

“ನಿಮಗ ಮೂವತ್ತು ಉಳದಾವ. ನನಗ ಬಿಳೇ ಎತ್ತು ಕಳದದ್ದಷ್ಟ ಗೊತ್ತೈತಿ. ಯಾರ ಎತ್ತು, ಯಾವ ಊರಿಂದ ಬಂತು, ಏನೇನೂ ಗೊತ್ತಿಲ್ಲ.” ದಾನವ್ವ ಪುಸ್ತಕವನ್ನು ಮಗನಿಂದ ತೆಗೆದು ಮಗಳ ತೊಡೆಯ ಮೇಲಿಟ್ಟಳು. “ಮೊದಲಿಂದ ಓದು.”

ನಗಬೇಡಿ, ಹೊಲಿಗೆ ನೋಯುತ್ತದೆ ಎಂದು ಡಾಕ್ಟರು ಹೇಳಿದ್ದರೂ ಭಾಗ್ಯಶ್ರೀ ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂತು. ಚಾಳೀಸು ಹಾಕಿಕೊಂಡು ಮೊದಲ ಪುಟ ಬಿಚ್ಚಿದಳು. ಒಂದು ತಿಂಗಳ ರೂಢಿ, ದಿನ ಎಣಿಸಿ ಎಣಿಸಿ ಓದಿದ ನಾಲಿಗೆ, ಸಾಲುಗಳು ಒಂದರ ಮೇಲೊಂದು ಧಾವಿಸಿ ಬಂದವು.

ದಾನವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಸಾವಕಾಶ ಓದವ್ವ. ಈಗೇನು ಅವಸರಿಲ್ಲ.”